ಮನೆಯ ದುರಸ್ತಿಯೂ ಮನೆಮಂದಿಯ ಆರೋಗ್ಯವೂ

ನಮ್ಮ ಸಂಘದ ವಾರ್ಷಿಕ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನಾನು ಸಂಕೋಚಪಟ್ಟೆನು. ನಾನು ವೈದ್ಯನಲ್ಲ. ವಾಣಿಜ್ಯ ಶಾಸ್ತ್ರದ ಪದವೀಧರ, ಬ್ಯಾಂಕಿನಲ್ಲಿ ಅಧಿಕಾರಿ. ಜಮಾ-ಖರ್ಚಿನ ಹೊರತು ಬೇರೆ ಶಾಸ್ತ್ರವನ್ನು ಅರಿಯದವನು. ಆದರೂ 2023ನೆಯ ಇಸವಿಯಲ್ಲಿ ಯೆರವಡಾದ ನಮ್ಮ ಮನೆಯ ದುರಸ್ತಿಗೆಂದು ನಾನು ಬರೆದ ಲೆಕ್ಕದಲ್ಲಿ ಒಂದು ತಪ್ಪಾಯಿತು. ಆ ತಪ್ಪಿನ ಫಲವನ್ನು ಉಂಡವರು ನನ್ನ ತಾಯಿ. ಅದನ್ನು ಮುಚ್ಚಿಡದೆ ಬರೆದರೆ ನಾಲ್ಕು ಜನ ಬಂಧುಗಳಿಗೆ ಉಪಯೋಗವಾದೀತೆಂದು ಈ ಲೇಖನಕ್ಕೆ ಕೈ ಹಾಕಿದ್ದೇನೆ.

ಯೆರವಡಾದಲ್ಲಿ ಮನೆ ಎಂದೊಡನೆ ಪುಣೆಯ ಜನ ಒಮ್ಮೆ ನಕ್ಕು, "ಒಳಗೋ ಹೊರಗೋ?" ಎಂದು ಕೇಳುವುದುಂಟು. 1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದಕ್ಕೆ ಸಹಿ ಬಿದ್ದ ಕಾರಾಗೃಹ ಇಲ್ಲಿಯದು. ಮನೋರೋಗಿಗಳ ದೊಡ್ಡ ಸರಕಾರಿ ಆಸ್ಪತ್ರೆಯೂ ಇಲ್ಲಿಯದೇ. ಇವೆರಡರ ಹೊರಗೆ, ಸಂಸಾರವಂದಿಗರಾಗಿ ಬಾಳುವ ಸಾವಿರಾರು ಮನೆಗಳೂ ಇಲ್ಲಿವೆ. ವಿಜಾಪುರದ ಕಡೆಯಿಂದ ನೌಕರಿಗೆಂದು ಬಂದ ನಮ್ಮ ತಂದೆಯವರು 1986ರಲ್ಲಿ ಇಲ್ಲಿ ಒಂದು ಸಾಲುಮನೆಯನ್ನು ಕೊಂಡರು. ಅವರು ಈಗಿಲ್ಲ. ಮನೆ ಉಂಟು, ಮನೆಯಲ್ಲಿ ನನ್ನ ತಾಯಿಯವರು ಉಂಟು.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದರು. ದುರಸ್ತಿ ಮಾಡಿ ನೋಡು ಎಂದು ಅವರು ಹೇಳಲಿಲ್ಲ. ಹೊಸ ಮನೆಯನ್ನು ಕಟ್ಟುವವನು ಬೇರೆಡೆಯಲ್ಲಿ ವಾಸಿಸುತ್ತ ಸಂಜೆಗೊಮ್ಮೆ ಬಂದು ಕೆಲಸ ನೋಡಿ ಹೋಗುತ್ತಾನೆ. ದುರಸ್ತಿ ಮಾಡಿಸುವವನಾದರೋ ಆ ಸುತ್ತಿಗೆಯ ಪೆಟ್ಟಿನ ನಡುವೆಯೇ ಉಣ್ಣಬೇಕು, ಮಲಗಬೇಕು, ಉಸಿರಾಡಬೇಕು. ಈ ಒಂದು ಭೇದವನ್ನು ನಾನು ಮೊದಲೇ ಮನಗಂಡಿದ್ದರೆ ಈ ಲೇಖನದ ಅವಶ್ಯಕತೆಯೇ ಬೀಳುತ್ತಿರಲಿಲ್ಲ.

ಗೋಡೆಯ ರೋಗ

ತಾಯಿಯವರ ಕೋಣೆಯ ಛಾವಣಿಯಲ್ಲಿ ಪ್ರತಿ ಮಳೆಗಾಲಕ್ಕೂ ಒಂದು ಕಲೆ ಮೂಡುತ್ತಿತ್ತು. ಪ್ರತಿ ದೀಪಾವಳಿಗೂ ನಾವು ಅದರ ಮೇಲೆ ಸುಣ್ಣಬಣ್ಣ ಬಳಿಯುತ್ತಿದ್ದೆವು. ಮುಂದಿನ ಆಷಾಢಕ್ಕೆ ಕಲೆ ಇನ್ನಷ್ಟು ಅಗಲವಾಗಿ ಮರಳುತ್ತಿತ್ತು. ಹೀಗೆ ಎಂಟು-ಹತ್ತು ವರ್ಷ ಕಳೆದವು. ಕಡೆಗೆ ಒಂದು ದಿನ ಛಾವಣಿಯ ಗಿಲಾವಿನ ಹಲ್ಲೆಯೊಂದು ಅವರ ಮಂಚದ ಪಕ್ಕಕ್ಕೆ ಕಳಚಿ ಬಿದ್ದಿತು. ಒಳಗಿನ ಕಬ್ಬಿಣದ ಸರಳು ಕೆಂಪಗೆ ಕಾಣಿಸಿತು.

ಎಂಜಿನಿಯರರು ಬಂದು ನೋಡಿ ಕಾರಣವನ್ನು ತಿಳಿಸಿದರು. ಮಾಳಿಗೆಯ ಮೇಲಿನ ಜಲನಿರೋಧಕ ಪದರ ಬಿರುಕು ಬಿಟ್ಟು ನೀರು ಕಾಂಕ್ರೀಟಿನೊಳಗೆ ಇಳಿಯುತ್ತದೆ. ಒಳಗಿನ ಸರಳು ತುಕ್ಕು ಹಿಡಿಯುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಕಾಂಕ್ರೀಟನ್ನು ಒಡೆದುಕೊಂಡು ಹೊರಬರುತ್ತದೆ. ಆ ಬಿರುಕಿನಿಂದ ಇನ್ನಷ್ಟು ನೀರು ಇಳಿಯುತ್ತದೆ. ಅಸಲು ತೀರಿಸದೆ ಬಿಟ್ಟ ಸಾಲಕ್ಕೆ ಚಕ್ರಬಡ್ಡಿ ಬೆಳೆಯುವ ಬಗೆ ಇದೇ ಅಲ್ಲವೆ? ನನ್ನ ವೃತ್ತಿಯವನಿಗೆ ಇದು ಬೇಗ ಅರ್ಥವಾಗಬೇಕಿತ್ತು.

ಗೋಡೆಯ ರೋಗ ಗೋಡೆಯಲ್ಲೇ ನಿಲ್ಲುವುದಿಲ್ಲ. ಒದ್ದೆ ಗೋಡೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಅದರ ಕಣಗಳು ಗಾಳಿಯಲ್ಲಿ ಸೇರುತ್ತವೆ. ಮನೆಯೊಳಗಿನ ತೇವ ಮತ್ತು ಬೂಷ್ಟು ಉಬ್ಬಸವನ್ನೂ ಇತರ ಶ್ವಾಸದ ತೊಂದರೆಗಳನ್ನೂ ಹೆಚ್ಚಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ. ನನ್ನ ತಾಯಿಯವರಿಗೆ ಆಗ 76 ವರ್ಷ; ಉಬ್ಬಸ ಹಳೆಯದು. ಅವರ ಔಷಧಿಯ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದಕ್ಕೆ ವಯಸ್ಸೊಂದನ್ನೇ ನಾವು ಕಾರಣವೆಂದು ತಿಳಿದಿದ್ದೆವು.

ಅಂದಾಜು ಪಟ್ಟಿ

ದುರಸ್ತಿಯೆಂದು ನಿಶ್ಚಯಿಸಿದ ಮೇಲೆ ಅದನ್ನು ಶಿಸ್ತಾಗಿ ಮಾಡಬೇಕೆಂದು ಒಂದು ವಹಿಯನ್ನು ತೆರೆದೆನು. ಮೂವರು ಠೇಕೇದಾರರಿಂದ ದರಪಟ್ಟಿ ತರಿಸಿದೆನು. ದರಪಟ್ಟಿಗಳನ್ನು ಹೋಲಿಸುವಾಗ ಒಟ್ಟು ಮೊತ್ತವನ್ನಷ್ಟೇ ನೋಡಬಾರದು. ಯಾವ ದರ್ಜೆಯ ಸಿಮೆಂಟು, ಯಾವ ದಪ್ಪದ ತಂತಿ, ಅಳತೆ ಚದರ ಅಡಿಯಲ್ಲೋ ಇಲ್ಲಿಯ ವಾಡಿಕೆಯಂತೆ ಬ್ರಾಸಿನಲ್ಲೋ, ತೆರಿಗೆ ಸೇರಿದೆಯೋ ಇಲ್ಲವೋ, ಒಡೆದ ರಾಡಾರೋಡಾವನ್ನು ಸಾಗಿಸುವವರು ಯಾರು ಎಂಬುದೆಲ್ಲ ಬರವಣಿಗೆಯಲ್ಲಿ ಇರಬೇಕು. ಅತಿ ಕಡಿಮೆ ದರದ ಪಟ್ಟಿಯಲ್ಲಿ ಈ ಕಡೆಯ ಬಾಬತ್ತು ಇರಲೇ ಇಲ್ಲ. ಅದನ್ನು ಕೂಡಿಸಿದಾಗ ಅದೇ ಮೂರರಲ್ಲಿ ನಡುವಿನದಾಯಿತು.

ಕೆಲಸಗಳನ್ನು ಅವಶ್ಯಕತೆಗೆ ತಕ್ಕಂತೆ ನಾಲ್ಕು ವರ್ಗ ಮಾಡಿದೆನು. ಮೊದಲನೆಯದು ಮಾಳಿಗೆ, ಸರಳು, ಗಿಲಾವು: 2,40,000 ರೂಪಾಯಿ. ಎರಡನೆಯದು ವಿದ್ಯುತ್ತು ಮತ್ತು ನೀರಿನ ಕೊಳವೆಗಳು: 1,10,000. ಮೂರನೆಯದು ಬಚ್ಚಲುಮನೆ: 1,30,000. ನಾಲ್ಕನೆಯದು ಅಡಿಗೆಮನೆಯ ಕಟ್ಟೆ ಮತ್ತು ಬಣ್ಣ: 1,20,000. ಒಟ್ಟು 6,00,000. ಹಣ ಸಾಲದೆ ಬಂದರೆ ನಾಲ್ಕನೆಯದನ್ನು ಮುಂದೂಡಬಹುದು, ಮೊದಲನೆಯದನ್ನು ಕೂಡದು. ಅನೇಕರು ಬಣ್ಣ ಮತ್ತು ಹಾಸುಗಲ್ಲಿನಿಂದ ಆರಂಭಿಸಿ ಕಡೆಗೆ ಮಾಳಿಗೆಗೆ ಹಣವಿಲ್ಲದೆ ಕೂಡುವುದನ್ನು ಸಾಲದ ಅರ್ಜಿಗಳಲ್ಲಿ ನಾನು ಕಂಡಿದ್ದೇನೆ.

ಇದರ ಮೇಲೆ ನೂರಕ್ಕೆ 15ರಂತೆ 90,000 ರೂಪಾಯಿಯನ್ನು ಆಕಸ್ಮಿಕ ವೆಚ್ಚಕ್ಕೆಂದು ಬದಿಗಿರಿಸಿದೆನು. ಹಳೆಯ ಗೋಡೆಯನ್ನು ಒಡೆಯುವವರೆಗೆ ಅದರೊಳಗೆ ಏನಿದೆಯೆಂದು ಯಾರೂ ಬಲ್ಲವರಲ್ಲ. ನಮ್ಮ ಗೋಡೆಯೊಳಗೆ ತೂತುಬಿದ್ದ ಕಬ್ಬಿಣದ ಕೊಳವೆ ಇತ್ತು. ಆ ನಿಧಿಯಲ್ಲಿ 71,000 ರೂಪಾಯಿ ಹೀಗೆಯೇ ಕರಗಿತು.

ಸಾಲ ಮಾಡುವವರಿಗೆ ಎರಡು ಮಾತು. ಮನೆ ದುರಸ್ತಿಗೆಂದೇ ಕೊಡುವ ಸಾಲ, ಅಥವಾ ಇರುವ ಗೃಹಸಾಲದ ಮೇಲೆ ಕೊಡುವ ಹೆಚ್ಚುವರಿ ಸಾಲ, ಸಾಮಾನ್ಯವಾಗಿ ವೈಯಕ್ತಿಕ ಸಾಲಕ್ಕಿಂತ ಅಗ್ಗ. ಹಳೆಯ ಆದಾಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ತಾವು ವಾಸಿಸುವ ಮನೆಯ ದುರಸ್ತಿ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿಯವರೆಗೆ ರಿಯಾಯಿತಿ ಉಂಟು. ಮನೆ ಕೊಳ್ಳುವ ಸಾಲಕ್ಕಿರುವ 2 ಲಕ್ಷದ ಮಿತಿ ಇದಕ್ಕೆ ಅನ್ವಯಿಸದು. ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ.

ಹಣ ಕೊಡುವುದಕ್ಕೂ ಒಂದು ಕ್ರಮವಿರಲಿ. ನಾನು ಮುಂಗಡವಾಗಿ ನೂರಕ್ಕೆ 10, ಮಾಳಿಗೆ ಮುಗಿದು ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆ 30, ಕೊಳವೆ ಮತ್ತು ತಂತಿಗಳ ಪರೀಕ್ಷೆಯಾದ ಮೇಲೆ 25, ಬಚ್ಚಲುಮನೆ ಹಾಗೂ ಉಳಿದ ಕೆಲಸ ಮುಗಿದ ಮೇಲೆ 25 ಎಂದು ಗೊತ್ತುಪಡಿಸಿದೆನು. ಮಿಕ್ಕ 10ನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಕರಾರಾಯಿತು. ಹಣವು ಕೆಲಸದ ಹಿಂದೆ ನಡೆಯಬೇಕೇ ಹೊರತು ಮುಂದೆ ಓಡಬಾರದು.

ಬಹುಮಹಡಿ ಕಟ್ಟಡಗಳಲ್ಲಿ ಇರುವ ಬಂಧುಗಳು ಮೊದಲು ತಮ್ಮ ಗೃಹ ಸಹಕಾರ ಸಂಘದ ಉಪವಿಧಿಗಳನ್ನು ಓದಬೇಕು. ಮಹಾರಾಷ್ಟ್ರದ ಮಾದರಿ ಉಪವಿಧಿಗಳಂತೆ ಮೇಲ್ಮಾಳಿಗೆಯ ಸೋರಿಕೆಯ ದುರಸ್ತಿ ಸಂಘದ ಹೊಣೆ. ಕಟ್ಟಡಕ್ಕೆ 15ರಿಂದ 30 ವರ್ಷವಾಗಿದ್ದರೆ 5 ವರ್ಷಕ್ಕೊಮ್ಮೆ, 30 ದಾಟಿದ್ದರೆ 3 ವರ್ಷಕ್ಕೊಮ್ಮೆ ಅದರ ಬಲಾಬಲದ ತಪಾಸಣೆ ಆಗಬೇಕು. ಒಳಗಿನ ಗೋಡೆಯನ್ನು ತೆಗೆಸುವ ಮುನ್ನ ಅದು ಭಾರ ಹೊರುವ ಗೋಡೆಯೇ ಎಂದು ಬಲ್ಲವರನ್ನು ಕೇಳದೆ ಸುತ್ತಿಗೆ ಎತ್ತಿಸಬಾರದು.

ಕೆಂಪು ಗೀಟು

ಇಷ್ಟು ಅಚ್ಚುಕಟ್ಟಾದ ವಹಿಯಲ್ಲಿ ತಪ್ಪು ಎಲ್ಲಿತ್ತು? ನನ್ನ ಪತ್ನಿ ಆ ಪಟ್ಟಿಯ ಕೆಳಗೆ ತನ್ನ ಕೈಯಿಂದ ಒಂದು ಸಾಲು ಬರೆದಿದ್ದಳು: "ಅತ್ತೆಯವರಿಗೆ ಬೇರೆ ವಸತಿ, ಎರಡು ತಿಂಗಳು, 36,000." ನಾನು ಅದರ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದೆನು. ಹಿಂದಿನ ಕೋಣೆಯ ಬಾಗಿಲು ಮುಚ್ಚಿಕೊಂಡರೆ ಸಾಕಲ್ಲ, ವೃಥಾ ಬಾಡಿಗೆ ಏಕೆ ಎಂಬುದು ನನ್ನ ವಾದ. ಅನಾವಶ್ಯಕ ವೆಚ್ಚವನ್ನು ತಡೆದೆನೆಂದು ಸಮಾಧಾನವೂ ಆಯಿತು.

ಫೆಬ್ರುವರಿಯಲ್ಲಿ ಕೆಲಸ ಮೊದಲಾಯಿತು. ಗಿಲಾವು ಕೆತ್ತುವುದು, ಹಾಸುಗಲ್ಲು ಕೊಯ್ಯುವುದು, ಗೋಡೆ ಉಜ್ಜುವುದು ಒಂದರ ಹಿಂದೆ ಒಂದು ನಡೆದವು. ಮುಚ್ಚಿದ ಬಾಗಿಲ ಸಂದಿಯಿಂದ ಧೂಳು ಹಿಟ್ಟಿನಂತೆ ಒಳಗೆ ಬರುತ್ತಿತ್ತು. ಗೌಂಡಿಯೂ ಅವನ ಹೆಂಡತಿಯೂ ಯಾದಗಿರಿಯ ಕಡೆಯವರು; ಆಕೆ ಬಿಗಾರಿ ಕೆಲಸ ಮಾಡುತ್ತಿದ್ದಳು. ತಾಯಿಯವರ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಆಕೆ ಅವರಿಗೆ ಮಗಳಂತೆಯೇ ಆದಳು. ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ ಆಕೆ ನನ್ನನ್ನು ತಡೆದು ಕೇಳಿದಳು: "ಸಾಹೇಬ್ರ, ಅಮ್ಮಾರನ್ನ ಈ ಧೂಳಾಗ ಯಾಕ ಇಟ್ಟೀರಿ? ನಮ್ಮ ಮಾವ ಕಲ್ಲ ಒಡಿಯೋ ಧೂಳಾಗ ಕೆಮ್ಮಿ ಕೆಮ್ಮಿ ತೀರಕೊಂಡ್ರು."

"ಇನ್ನೇನು, ಹತ್ತು ದಿನದ ಮಾತು" ಎಂದು ಉತ್ತರ ಕೊಟ್ಟೆನು.

ಅದಾದ ಎರಡನೆಯ ರಾತ್ರಿ ತಾಯಿಯವರಿಗೆ ಉಸಿರು ಸಿಗದಾಯಿತು. ಹಾಸಿಗೆಯ ಅಂಚಿನಲ್ಲಿ ಕುಳಿತು, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ, ಮಾತನಾಡಲಾರದೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ನಾಲ್ಕು ದಿನ ಆಮ್ಲಜನಕದ ಆಸರೆಯಲ್ಲಿದ್ದರು. ಬಿಲ್ಲು 52,000 ರೂಪಾಯಿ. ಬಿಡುಗಡೆಯಾದ ದಿನ ಅವರನ್ನು ಮನೆಗೆ ಕರೆತರಲಿಲ್ಲ. ಪಕ್ಕದ ಗಲ್ಲಿಯಲ್ಲಿ ಎರಡು ಕೋಣೆ ಹಿಡಿದೆವು. ಎರಡು ತಿಂಗಳ ಬಾಡಿಗೆ 36,000. ಉಳಿಸಿದೆನೆಂದುಕೊಂಡ ಹಣ ಉಳಿಯಲಿಲ್ಲ. ಅದರ ಮೇಲೆ 52,000 ಹೋಯಿತು. ಆ ರಾತ್ರಿಯನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ನೆರೆಯವರಿಂದ ಕಲಿಯಬೇಕಾಗಿದ್ದ ಪಾಠ

ಈ ಪಾಠ ಕಲಿಯಲು ನಾನು ದೂರ ಹೋಗಬೇಕಾಗಿರಲಿಲ್ಲ. 2005ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಅಡಿಯಲ್ಲಿ ನಮ್ಮ ಯೆರವಡಾದ ಝೋಪಡಪಟ್ಟಿಗಳಲ್ಲಿಯೇ ಮನೆಗಳ ಪುನರ್ನಿರ್ಮಾಣ ನಡೆಯಿತು. ಜನರನ್ನು ಊರ ಹೊರಗೆ ಸಾಗಿಸದೆ, ಇದ್ದ ಜಾಗದಲ್ಲಿಯೇ, ಕಚ್ಚಾ ಮನೆಗಳನ್ನು ಮಾತ್ರ ಕೆಡವಿ, ಗಟ್ಟಿ ಮನೆಗಳನ್ನು ಮುಟ್ಟದೆ ಕಟ್ಟುವುದು ಅಲ್ಲಿಯ ಸೂತ್ರ. ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿಯವರು, ಸ್ಪಾರ್ಕ್ ಸಂಸ್ಥೆ ಮತ್ತು ಮಹಿಳಾ ಮಿಲನ್ ಸಂಘಟನೆ ಈ ಕಾರ್ಯದಲ್ಲಿ ಕೈಗೂಡಿಸಿದರು. ಪ್ರತಿ ಮನೆಗೆ ದೊರೆತದ್ದು ಸುಮಾರು 270 ಚದರ ಅಡಿ. ವೆಚ್ಚದಲ್ಲಿ ಹತ್ತನೆಯ ಒಂದು ಪಾಲು ನಿವಾಸಿಗಳದು.

ಇದರಲ್ಲಿ ನಮಗೆ ಮುಖ್ಯವಾದ ಅಂಶ ಎರಡು. ನಕ್ಷೆ ಬರೆಯುವ ಮುನ್ನ ಆ ಮನೆಯಲ್ಲಿ ಇರತಕ್ಕವರನ್ನು, ವಿಶೇಷವಾಗಿ ಹೆಂಗಸರನ್ನು, ಕೇಳಲಾಯಿತು. ಹಾಗೆಯೇ ಹಳೆಯದು ಬಿದ್ದು ಹೊಸದು ಏಳುವವರೆಗೆ ಮನೆಮಂದಿ ಎಲ್ಲಿರಬೇಕೆಂಬುದು ಯೋಜನೆಯ ಭಾಗವೇ ಆಗಿತ್ತು. ಮಹಿಳಾ ಮಿಲನದ ಹೆಂಗಸರು 1980ರ ದಶಕದಿಂದಲೇ ಮುಂಬಯಿಯಲ್ಲಿ ಮರದ ಕಂಬಗಳಿಗೆ ಬಟ್ಟೆ ಕಟ್ಟಿ ನಿಜವಾದ ಅಳತೆಯ ಮನೆಯ ಮಾದರಿಗಳನ್ನು ನಿಲ್ಲಿಸಿ, ಒಳಗೆ ಓಡಾಡಿ ನೋಡುತ್ತಿದ್ದರು. ಅಂಗೈಯಗಲದ ಜಾಗಕ್ಕೆ ಅವರು ಇಷ್ಟು ಯೋಚಿಸಿದರು. ಪದವೀಧರನಾದ ನಾನು ಊಟದ ಮೇಜಿನ ಮೇಲೆ ನಕ್ಷೆ ಹರವಿಕೊಂಡಾಗ ಆ ಮನೆಯಲ್ಲಿ ದಿನವಿಡೀ ಇರುವ ತಾಯಿಯವರನ್ನು ಒಂದು ಮಾತೂ ಕೇಳಿರಲಿಲ್ಲ.

ಬಚ್ಚಲುಮನೆಯ ಸುಣ್ಣದ ಗುರುತು

ತಪ್ಪನ್ನು ತಿದ್ದಿಕೊಳ್ಳಲು ಒಂದು ಅವಕಾಶ ಉಳಿದಿತ್ತು. ಬಚ್ಚಲುಮನೆಯ ಕೆಲಸ ಇನ್ನೂ ಆಗಬೇಕಿತ್ತು. ಏಪ್ರಿಲಿನ ಒಂದು ಭಾನುವಾರ, ಕೆಲಸವಿಲ್ಲದ ದಿನ, ನೆಲ ತೊಳೆಸಿ ಅವರನ್ನು ಕರೆತಂದೆನು. ಎದ್ದು ನಿಲ್ಲುವಾಗ ಅವರ ಕೈ ತಾನಾಗಿ ಎಲ್ಲಿ ಗೋಡೆ ಹಿಡಿಯುತ್ತದೆಂದು ನೋಡಿ ಅಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಮಾಡಿದೆವು. ನಕ್ಷೆಯಲ್ಲಿ ಹಿಡಿಗಂಬಿ ಬಲಗಡೆ ಇತ್ತು. ಅವರು ಊರುತ್ತಿದ್ದುದು ಎಡಗೈ. ಅಳತೆಯಲ್ಲಿಯೂ ಒಂದು ಗೇಣು ವ್ಯತ್ಯಾಸ.

ಜಗತ್ತಿನಲ್ಲಿ ಆಕಸ್ಮಿಕ ಗಾಯಗಳಿಂದ ಆಗುವ ಮರಣಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವಿಕೆಯದು. ಅದರಲ್ಲಿಯೂ ವೃದ್ಧರಿಗೆ ಅಪಾಯ ಹೆಚ್ಚು. ಆದ್ದರಿಂದ ಬಚ್ಚಲಿಗೆ ಜಾರದ ಒರಟು ಹಾಸುಗಲ್ಲು, ಗೋಡೆಯ ಇಟ್ಟಿಗೆಗೆ ಭದ್ರವಾಗಿ ಕೂಡಿಸಿದ ಹಿಡಿಗಂಬಿ, ಹೊರಕ್ಕೆ ತೆರೆಯುವ ಬಾಗಿಲು, ಹಾಸಿಗೆಯಿಂದ ಅಲ್ಲಿಯವರೆಗೆ ರಾತ್ರಿ ಸಣ್ಣ ದೀಪ ಇಷ್ಟು ಇರಲೇಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕಲಾಗದು. ಬಿಸಿನೀರಿನ ಯಂತ್ರವಿರುವಲ್ಲಿ ಭೂಸಂಪರ್ಕ ಸರಿಯಿರಲಿ. 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ರಕ್ಷಕ ಸಾಧನವನ್ನು ಮನೆಗೆಲ್ಲ ಹಾಕಿಸಿ.

ಒಳಗಿನ ಹೊಸ್ತಿಲುಗಳನ್ನೆಲ್ಲ ತೆಗೆಸಿದೆವು. ತಲೆಬಾಗಿಲ ಹೊಸ್ತಿಲನ್ನು ಮಾತ್ರ ತಾಯಿಯವರು ಬಿಡಲಿಲ್ಲ. "ಅದಕ್ಕ ಅರಿಶಿಣ-ಕುಂಕುಮ ಹಚ್ಚಬೇಕಪಾ, ಅದನ್ನ ತಗೀಬ್ಯಾಡ" ಎಂದರು. ಅದರ ಎರಡು ಬದಿಗೆ ಇಳಿಜಾರು ಮಾಡಿಸಿ, ಪಕ್ಕದಲ್ಲಿ ಒಂದು ಹಿಡಿಗಂಬಿ ಹಾಕಿಸಿದೆವು.

ಧೂಳು, ಬಣ್ಣ, ನೀರು

ದುರಸ್ತಿ ನಡೆಯುವಾಗ ಪಾಲಿಸಬೇಕಾದ ಕೆಲವು ಎಚ್ಚರಿಕೆಗಳನ್ನು ಸಂಗ್ರಹಿಸಿ ಹೇಳುತ್ತೇನೆ.

1. ಉಬ್ಬಸದವರು, ಹೃದ್ರೋಗಿಗಳು, ಗರ್ಭಿಣಿಯರು ಮತ್ತು ಎಳೆಯ ಮಕ್ಕಳು ಒಡೆಯುವ ಹಾಗೂ ಉಜ್ಜುವ ಕೆಲಸ ಮುಗಿಯುವವರೆಗೆ ಆ ಮನೆಯಲ್ಲಿ ಇರಬಾರದು.

2. ಕಲ್ಲು, ಹಾಸುಗಲ್ಲು ಕೊಯ್ಯುವಾಗ ನೀರು ಹಾಯಿಸುತ್ತ ಕೊಯ್ಯಲಿ. ಆ ಧೂಳಿನಲ್ಲಿರುವ ಸಿಲಿಕಾ ಪುಪ್ಪುಸದಲ್ಲಿ ನೆಲೆನಿಂತರೆ ಬರುವ ಸಿಲಿಕೋಸಿಸ್ ರೋಗ ವಾಸಿಯಾಗತಕ್ಕದ್ದಲ್ಲ. ನಾವು ಎರಡು ತಿಂಗಳು ಆ ಧೂಳನ್ನು ಸಹಿಸಿದರೆ ಕೆಲಸಗಾರರು ಆಯುಷ್ಯವಿಡೀ ಸಹಿಸುತ್ತಾರೆ. ಅವರಿಗೆ ಒಳ್ಳೆಯ ಮುಖಗವಸು ಕೊಡುವ ವೆಚ್ಚವೂ ಅಂದಾಜು ಪಟ್ಟಿಯಲ್ಲಿ ಇರಲಿ.

3. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬಾರದು. ಒದ್ದೆ ಮಾಡಿ ಕೆರೆಯಬೇಕು. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಹೊರಟು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣಗಳಲ್ಲಿ ಸೀಸವಿರಬಹುದು. ಅದು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುವಂಥದು.

4. ಹಿತ್ತಲಲ್ಲಿ ಹಳೆಯ ಅಸ್ಬೆಸ್ಟಾಸ್ ತಗಡುಗಳಿದ್ದರೆ ಅವನ್ನು ಒಡೆಯಬೇಡಿ, ಕೊರೆಯಬೇಡಿ. ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ಅದರ ಎಳೆಗಳು ಅರ್ಬುದಕ್ಕೆ ಕಾರಣ.

5. ಹೊಸ ಗಿಲಾವಿಗೆ ಕನಿಷ್ಠ ಒಂದು ವಾರ ನೀರುಣಿಸಬೇಕು. ಆದರೆ ಅದಕ್ಕಾಗಿ ತುಂಬಿಟ್ಟ ಪೀಪಾಯಿಯನ್ನು ಮುಚ್ಚಿಡಿ. ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ.

6. ರಾಡಾರೋಡಾವನ್ನು ರಾತ್ರೋರಾತ್ರಿ ಮುಳಾ-ಮುಠಾ ನದಿಯ ದಂಡೆಗೆ ಸುರಿಸುವ ಠೇಕೇದಾರರಿದ್ದಾರೆ. ಮನೆ ನಮ್ಮದಾದ ಮೇಲೆ ಅದರ ಕಸದ ಹೊಣೆಯೂ ನಮ್ಮದೇ. ಮಹಾನಗರಪಾಲಿಕೆ ಗೊತ್ತುಪಡಿಸಿದ ಕಡೆಗೇ ಅದು ಹೋಗಲಿ.

ಮಳೆಯ ಪರೀಕ್ಷೆ

ಮೇ ತಿಂಗಳ ಕೊನೆಗೆ ಕೆಲಸ ಮುಗಿಯಿತು. ಮಾಳಿಗೆಯ ಮೇಲೆ ಹೊಸದಾಗಿ ಇಟ್ಟಿಗೆ ಚೂರಿನ ಕೋಬಾ ಹಾಕಿಸಿ, ನೀರು ಕಟ್ಟಿ, ಎರಡು ದಿನ ನಿಲ್ಲಿಸಿ ನೋಡಿಯಾಗಿತ್ತು. ಗೋಡೆ ಒಣಗಿ, ಬಣ್ಣದ ವಾಸನೆ ಅಡಗುವವರೆಗೆ ಕಾದು ಜೂನಿನಲ್ಲಿ ತಾಯಿಯವರನ್ನು ಕರೆತಂದೆವು. ಆ ಮಳೆಗಾಲದಲ್ಲಿ ಪ್ರತಿ ದೊಡ್ಡ ಮಳೆಯ ಮರುದಿನ ಅವರು ಮಂಚದ ಪಕ್ಕದ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದರು. "ಒಣಗೇ ಅದ ನೋಡಪಾ" ಎನ್ನುತ್ತಿದ್ದರು. ದಸರೆಯ ಹೊತ್ತಿಗೆ ಠೇಕೇದಾರರಿಗೆ ಉಳಿದ 60,000 ರೂಪಾಯಿ ಸಂದಾಯ ಮಾಡಿದೆನು. ಯಾದಗಿರಿಯ ಆ ಹೆಣ್ಣುಮಗಳನ್ನು ಕರೆಸಿ ತಾಯಿಯವರು ಉಡಿ ತುಂಬಿದರು. ಅವಳ ಮಾತನ್ನು ಕೇಳದೆ ಹೋದುದಕ್ಕೆ ನಾನು ಕ್ಷಮೆ ಕೇಳಿದೆನು. ಆಕೆ ನಾಚಿ ನಕ್ಕಳು.

ಊರು ಬಿಟ್ಟು ಬಂದ ನಮ್ಮಲ್ಲಿ ಬಹುಮಂದಿಯ ತಂದೆ-ತಾಯಿಗಳು ಈಗ ಈ ಮಹಾನಗರದ ಮನೆಗಳಲ್ಲಿಯೇ ವೃದ್ಧರಾಗುತ್ತಿದ್ದಾರೆ. ಊರಿನ ಪಡಸಾಲೆ, ಅಂಗಳ ಅವರಿಗೆ ಇಲ್ಲಿಲ್ಲ. ನಾಲ್ಕು ಗೋಡೆಗಳೇ ಅವರ ಪ್ರಪಂಚ. ಆದಕಾರಣ ಮನೆ ದುರಸ್ತಿಗೆ ಅಂದಾಜು ಪಟ್ಟಿ ಬರೆಯಲು ಕುಳಿತಾಗ ಸಿಮೆಂಟಿನಿಂದ ಆರಂಭಿಸಬೇಡಿ. ಮನೆಯಲ್ಲಿ ಅತ್ಯಂತ ಅಶಕ್ತರು ಯಾರು, ಕೆಲಸ ನಡೆಯುವಾಗ ಅವರು ಎಲ್ಲಿರುವರು, ಕೆಲಸ ಮುಗಿದ ಮೇಲೆ ಅವರಿಗೆ ಏನು ಬೇಕು ಎಂಬುದನ್ನು ಅವರನ್ನೇ ಕೇಳಿ ಮೊದಲ ಸಾಲಿನಲ್ಲಿ ಬರೆಯಿರಿ. ಉಳಿದ ಲೆಕ್ಕ ಅದರ ಕೆಳಗೆ ಬರಲಿ.

ಸಂಘದ ಬಂಧುಗಳಲ್ಲಿ ಯಾರಾದರೂ ಈ ಕೆಲಸಕ್ಕೆ ತೊಡಗುವವರಿದ್ದರೆ ನನ್ನ ವಹಿಯನ್ನು ಸಂತೋಷದಿಂದ ಕೊಡುತ್ತೇನೆ. ದರಗಳು ಹಳೆಯವಾಗಿರಬಹುದು. ಕೆಂಪು ಗೀಟನ್ನು ಅಳಿಸಿಲ್ಲ. ಅದನ್ನೊಮ್ಮೆ ನೋಡಿಕೊಂಡು ಹೋಗಬೇಕಾಗಿ ವಿನಂತಿ.